ಸೋಮವಾರದ ಕೆಂಪುಕೋಟೆ

ನಮ್ಮ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವನ ದಿನ. ನಮ್ಮೂರು ಹದಿನಾರಿನಿಂದ ಅಪ್ಪ ಅವತ್ತು ನಂಜನಗೂಡಿಗೆ ಹೋಗಿ, ಕಪಿಲೆಯಲ್ಲಿ ಮುಳುಗಿ, ನಂಜುಂಡೇಶ್ವರನಿಗೆ ಕೈಮುಗಿದು ಬಂದು ಒಪ್ಪತ್ತು ಉಣ್ಣುತ್ತಿದ್ದರು. ಕಾಲ ಬದಲಾಗಿ ತಮ್ಮ ಟ್ರ್ಯಾಕ್ಟರ್ ತಂದ. ಅದಕ್ಕೂ ಸೋಮವಾರ ರಜೆಯೇ. ಟ್ರ್ಯಾಕ್ಟರಿಗೆ ಯಾವ ಬಸವ ಎಂದು ತಮ್ಮ ಕೇಳಿದ್ದಕ್ಕೆ, ನೆಲಕ್ಕೂ ಒಂದು ದಿನ ಬೆನ್ನು ಆರಬೇಕು ಎಂದು ಅಪ್ಪ ಅವನ ಬಾಯಿ ಮುಚ್ಚಿಸಿದ್ದರು. ಹಸು ಕೊಳ್ಳುವುದು, ಹೆಣ್ಣು ನೋಡುವುದು, ಹೊಸ ಬಟ್ಟೆ ಉಡುವುದು, ಎಲ್ಲವೂ ಸೋಮವಾರಕ್ಕೇ ಕಾಯಬೇಕು. ನನ್ನನ್ನು ನರಸೀಪುರಕ್ಕೆ ಕೊಟ್ಟು ಮದುವೆ ಮಾಡಿದ್ದೂ ಸೋಮವಾರವೇ. ಅದರ ಒಳಿತು ಕೆಡುಕು ಇಲ್ಲಿ ಬೇಡ.

ಅಪ್ಪನಿಗೆ ಇದ್ದ ಆಸೆ ಒಂದೇ. ದೆಹಲಿಯ ಕೆಂಪುಕೋಟೆಯ ಬಾಗಿಲು ದಾಟಿ ಒಳಗೆ ಹೋಗಿ ನಿಲ್ಲಬೇಕು. ಹುಡುಗನಾಗಿದ್ದಾಗ ಊರಿನ ಪಂಚಾಯ್ತಿ ರೇಡಿಯೋದಲ್ಲಿ ಆಗಸ್ಟ್ ಹದಿನೈದರ ಭಾಷಣ ಕೇಳಿದ್ದರಂತೆ. ಹಿಂದಿ ಒಂದಕ್ಷರ ತಿಳಿಯದು. ಆದರೂ ಪ್ರತಿ ವರ್ಷ ಮುಗಿಯುವವರೆಗೂ ಕೂತು ಕೇಳುವರು. ಆ ದನಿ ಬರುವ ಜಾಗ ಹೇಗಿದೆ, ಆ ಗೋಡೆಯ ಹಿಂದೆ ಏನಿದೆ ಎನ್ನುವುದು ಅವರ ತಲೆ ಹೊಕ್ಕುಬಿಟ್ಟಿತ್ತು. ಅಂತೂ ಒಂದು ವರ್ಷ ಭತ್ತದ ಕುಯ್ಲು ಮುಗಿದ ಮೇಲೆ ಅಪ್ಪ, ಅವ್ವ, ನಾನು ರೈಲು ಹತ್ತಿದೆವು. ತಮ್ಮ ಮನೆಯಲ್ಲಿ ಉಳಿದ. ಹಸುಗಳ ಹಾಲು ಕರೆಯಲು ಯಾರಾದರೂ ಇರಬೇಕಲ್ಲ.

ಶನಿವಾರ ಕುತುಬ್ ಮಿನಾರ್ ನೋಡಿದೆವು. ಅಪ್ಪ ಕತ್ತೆತ್ತಿ ನೋಡಿ, ನಮ್ಮ ನಂಜನಗೂಡಿನ ಗೋಪುರದಲ್ಲಿ ಬೊಂಬೆಗಳಾದರೂ ಇವೆ ಎಂದರು. ಇಂಡಿಯಾ ಗೇಟಿನ ಮುಂದೆ ಅವ್ವ ಮನೆಯಿಂದ ತಂದಿದ್ದ ರೊಟ್ಟಿ, ಚಟ್ನಿಪುಡಿಯ ಗಂಟು ಬಿಚ್ಚಿದಳು. ರಾಷ್ಟ್ರಪತಿ ಭವನವನ್ನು ದೂರದಿಂದಲೇ ನೋಡಿ, ಇಷ್ಟು ದೊಡ್ಡ ಮನೆಗೆ ಕಸ ಗುಡಿಸುವವರು ಯಾರೋ ಎಂದು ಮರುಗಿದಳು. ಅಪ್ಪ ಇದ್ಯಾವುದಕ್ಕೂ ಮನಸ್ಸು ಕೊಡಲಿಲ್ಲ. ಅವರ ಚೀಲದ ತಳದಲ್ಲಿ ಹೊಸ ಪಂಚೆ, ಹೊಸ ಬಿಳಿ ಅಂಗಿ ಮಡಿಕೆ ಮುರಿಯದೆ ಕೂತಿದ್ದವು.

ಭಾನುವಾರ ಮಧ್ಯಾಹ್ನ ಚಾಂದನಿ ಚೌಕದಲ್ಲಿ ತಿರುಗುತ್ತಾ ಬಂದವರು ಕೆಂಪುಕೋಟೆಯ ಎದುರಿಗೇ ನಿಂತೆವು. ಜನ ಸಾಲುಗಟ್ಟಿ ಒಳಗೆ ಹೋಗುತ್ತಿದ್ದರು. ಸಣ್ಣ ಮಕ್ಕಳು ಹೋಗುತ್ತಿದ್ದವು, ಕೋಲೂರಿದ ಮುದುಕರು ಹೋಗುತ್ತಿದ್ದರು. ಬಂದೇ ಇದ್ದೀವಲ್ಲ, ಈಗಲೇ ಹೋಗೋಣ ಎಂದೆ. ಅಪ್ಪ ರಸ್ತೆಯ ಈಚೆಯಿಂದಲೇ ಚಪ್ಪಲಿ ಬಿಟ್ಟು ಕೋಟೆಗೆ ಕೈಮುಗಿದರು.

"ಇವತ್ಬ್ಯಾಡ ಕಣವ್ವ. ತಿಂದು ಉಂಡು ಬಂದಿವಿ. ನಾಳೀಕೆ ಸೋಮಾರ, ನೀರ್ ಉಯ್ಕಂಡು ಮಡೀಲಿ ಓಗಾನ."

ಅವ್ವನೂ ತಲೆಯಾಡಿಸಿದಳು. ನನಗೂ ಅದೇ ಸರಿ ಅನ್ನಿಸಿತು. ಸೋಮವಾರ ಬಾಗಿಲು ಹಾಕುವ ದೊಡ್ಡ ಜಾಗವೂ ಭೂಮಿಯ ಮೇಲೆ ಇರಬಹುದೆಂದು ನಮ್ಮಂಥವರಿಗೆ ಹೊಳೆಯುವುದಾದರೂ ಹೇಗೆ?

ಮಾರನೆಯ ಬೆಳಿಗ್ಗೆ ಆ ಕೊರೆಯುವ ಚಳಿಯಲ್ಲಿ ಅಪ್ಪ ತಣ್ಣೀರು ಸುರಿದುಕೊಂಡರು. ಲಿಂಗಪೂಜೆ ಮಾಡಿ, ವಿಭೂತಿ ಧರಿಸಿ, ಹೊಸ ಪಂಚೆ ಉಟ್ಟು, ಕಾಫಿಯನ್ನೂ ಮುಟ್ಟದೆ ಹೊರಟರು. ಮದುಮಗನ ಹಾಗಿದ್ದೀರಿ ಎಂದು ಅವ್ವ ಛೇಡಿಸಿದಳು. ಕೋಟೆಯ ಮುಂದೆ ನಿನ್ನೆಯ ಜನ ಇರಲಿಲ್ಲ. ಬಾಗಿಲು ಮುಚ್ಚಿತ್ತು. ಕಾವಲಿನವನು ಕೈಯಾಡಿಸಿ ಏನೋ ಹೇಳಿದ. ಅದರಲ್ಲಿ 'ಸೋಮ್‌ವಾರ್' ಎಂಬ ಒಂದೇ ಪದ ಅಪ್ಪನಿಗೆ ಅರ್ಥವಾಯಿತು. ಅರ್ಥವಾದದ್ದು ಸುಳ್ಳಿರಬೇಕು ಎನ್ನುವಂತೆ ನನ್ನ ಮುಖ ನೋಡಿದರು. ವಾರಕ್ಕೊಂದು ರಜೆ, ಅದು ಇವತ್ತೇ. ಸಂಜೆಗೆ ನಮ್ಮ ರೈಲು. ನಾನು ಕೈಸನ್ನೆಯಲ್ಲಿ ಬೇಡಿದೆ, ಅವ್ವ ಕೈಮುಗಿದಳು. ಅವನಾದರೂ ಏನು ಮಾಡಿಯಾನು? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತ್ತು. ಕಾವಲಿನವನ ಮೇಲೆ, ದೆಹಲಿಯ ಮೇಲೆ, ಶಿವನ ಮೇಲೂ. ಅಪ್ಪ ಮಾತ್ರ ಬಹಳ ಹೊತ್ತು ಆ ಕೆಂಪು ಗೋಡೆ ನೋಡುತ್ತಾ ನಿಂತಿದ್ದು, ಆಮೇಲೆ ಮೆಲ್ಲಗೆ ಹೇಳಿದರು.

"ಇವ್ರೂ ಸೋಮಾರ ನೊಗ ಕಟ್ಟಕಿಲ್ಲ ಅಂತ ಕಾಣ್ತದೆ. ಬುಡು, ಒಳ್ಳೇದೇಯ."

ರೈಲಿನಲ್ಲಿ ಹೊಸ ಅಂಗಿಯನ್ನು ಬಿಚ್ಚಿ ಮಡಿಸಿಟ್ಟರು.

ಮುಂದಿನ ಸಲ ಹೋಗೋಣ ಎಂದುಕೊಂಡೆವು. ಕೊರೊನಾ ಬಂತು. ಅದು ಹೋಗುವ ಹೊತ್ತಿಗೆ ಅಪ್ಪನ ಕಣ್ಣು ಮಬ್ಬಾಗತೊಡಗಿತ್ತು. ಪೊರೆ ಇರಬಹುದು, ತೆಗೆಸಿದರೆ ಸರಿಹೋಗುತ್ತದೆ ಎಂದು ಮೈಸೂರಿಗೆ ಕರೆದುಕೊಂಡು ಹೋದರೆ, ಕಣ್ಣಿನ ನರವೇ ಒಣಗಿದೆ, ಹೋದದ್ದು ಮರಳುವುದಿಲ್ಲ ಎಂದರು ಡಾಕ್ಟರು. ಈಗ ಬಾಗಿಲಲ್ಲಿ ನಿಂತವರು ಮಗಳೋ ಸೊಸೆಯೋ ಎಂದು ದನಿಯಿಂದಲೇ ಗುರುತಿಸುತ್ತಾರೆ.

ಆಮೇಲೊಂದು ಆಗಸ್ಟ್ ಹದಿನೈದು ಸೋಮವಾರವೇ ಬಂತು. ನಾನು ತವರೂರು ಹದಿನಾರಿನಲ್ಲಿದ್ದೆ. ಅಪ್ಪ ಮಿಂದು, ವಿಭೂತಿ ಧರಿಸಿ, ಟಿವಿಯ ಪಕ್ಕ ಕುರ್ಚಿ ಎಳೆದುಕೊಂಡು ಕಿವಿ ಕೊಟ್ಟು ಕೂತರು. ಮೈಮೇಲೆ ಅದೇ ಬಿಳಿ ಅಂಗಿ. ಬ್ಯಾಂಡು ಕೇಳಿಸಿತು, ತೋಪು ಹಾರಿದ್ದು ಕೇಳಿಸಿತು.

"ಬಾಗ್ಲು ತಗ್ದವ್ರಾ?" ಎಂದು ಕೇಳಿದರು.

ತೆಗೆದಿದ್ದಾರೆ ಎಂದೆ.

"ಸೋಮಾರಾನೂ ತಗೀತಾರೆ ಅಂದಂಗಾಯ್ತು."

ಅದರಲ್ಲಿ ದೂರು ಇರಲಿಲ್ಲ. ದೂರಿದ್ದರೆ ನನಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕೈ ಹುಡುಕಿ ಹಿಡಿದು, ಬಾಗಿಲ ಒಳಗೆ ಏನೇನಿದೆ ಹೇಳು ಎಂದರು. ಟಿವಿಯಲ್ಲಿ ಅದೇ ಗೋಡೆ, ಅದೇ ಬಾವುಟ. ದೆಹಲಿಯಲ್ಲಿ ಆ ಭಾನುವಾರ ನಾನು ಕಂಡದ್ದೂ ಅಷ್ಟೇ. ನಾನೂ ಒಳಗೆ ಹೋದವಳಲ್ಲ.