ಎರಡನೇ ಸಹಿ

ನಮ್ಮ ಆಸ್ಪತ್ರೆಯ ಜೋಡಿ ಮೇಡಂಗೆ ಆ ಅಡ್ಡಹೆಸರಿಟ್ಟವನು ನಾನೇ. ಅವರ ಬ್ಯಾಗಿನಲ್ಲಿ ಎರಡು ಫೋನು, ಎರಡು ಕನ್ನಡಕ, ಎರಡು ಕೀಲಿಗೊಂಚಲು ಇರುತ್ತಿದ್ದವು. ಊಟದ ಡಬ್ಬಿಯೂ ಎರಡು, ಒಂದು ಚೆಲ್ಲಿದರೆ ಇನ್ನೊಂದಿರಲಿ ಅಂತ. ಒಮ್ಮೆ ಕ್ಯಾಂಟೀನಿನಲ್ಲಿ ಕೇಳಿದ್ದೆ, "ಎಲ್ಲಾ ಎರಡೆರಡು ಇಟ್ಕೊಂಡಿದೀರಿ ಮೇಡಂ, ಯಜಮಾನ್ರು ಮಾತ್ರ ಯಾಕೆ ಒಬ್ರೇ?" ಮೇಜಿನ ಸುತ್ತ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ಅವರು ನಗಲಿಲ್ಲ. "ಅದೂ ಭಯಾನೇ ಅಣ್ಣಾ," ಅಂದು ಡಬ್ಬಿ ಮುಚ್ಚಿದರು.

ಅವರ ಕೆಲಸ ಆಸ್ಪತ್ರೆಯ ಡೇಟಾಬೇಸ್ ನೋಡಿಕೊಳ್ಳುವುದು. ಯಾರು ಯಾವ ಹಾಸಿಗೆಯಲ್ಲಿದ್ದಾರೆ, ಯಾರಿಗೆ ಯಾವ ಔಷಧಿ, ಯಾರ ರಕ್ತ ಯಾವ ಗುಂಪು, ಎಲ್ಲವೂ ಅದರೊಳಗೆ. ನಾನು ಕೆಳಮಹಡಿಯ ಬ್ಲಡ್ ಬ್ಯಾಂಕಿನಲ್ಲಿ ಟೆಕ್ನೀಷಿಯನ್. ಇಪ್ಪತ್ತೊಂದು ವರ್ಷ ಅದೇ ಕಿಟಕಿ, ಅದೇ ಸ್ಟೂಲು. ಕಂಪ್ಯೂಟರು ಹೇಳಿದ್ದನ್ನು ನಂಬುವುದು, ಹೇಳದ್ದನ್ನು ಕೇಳದಿರುವುದು ನನ್ನ ಪದ್ಧತಿ. ಹಾಗಾಗಿ ಈಕೆಯ ಭಯ ನನಗೆ ಸುಮ್ಮನೆ ತಲೆನೋವಾಗಿ ಕಾಣುತ್ತಿತ್ತು.

ಆ ಭಯಕ್ಕೊಂದು ಕಾರಣವಿತ್ತು ಅಂತ ನನಗೆ ಗೊತ್ತಾದದ್ದು ತಡವಾಗಿ. ಹಿಂದೆ ಅವರಿದ್ದ ಕಚೇರಿಯಲ್ಲಿ ದಿನಾ ಸಂಜೆ ಬ್ಯಾಕಪ್ ತೆಗೆದು, ತಾರೀಖು ಬರೆದು, ಬೀರುವಿನಲ್ಲಿ ಸಾಲಾಗಿ ಇಡುತ್ತಿದ್ದರಂತೆ. ಮೂರು ವರ್ಷ ಯಾರೂ ಒಂದನ್ನಾದರೂ ತೆರೆದು ನೋಡಿರಲಿಲ್ಲ. ಒಂದು ದಿನ ನಿಜವಾಗಿ ಬೇಕಾಯಿತು. ತೆರೆದರೆ ಎಲ್ಲವೂ ಖಾಲಿ. "ಬೀರು ತುಂಬಾ ಇತ್ತು ಅಣ್ಣಾ. ಒಳಗೆ ಏನೂ ಇರ್ಲಿಲ್ಲ. ಅವತ್ತಿಂದ ನಂಗೆ ತುಂಬಿರೋದನ್ನ ಕಂಡ್ರೇನೇ ಹೆದರಿಕೆ," ಅಂದಿದ್ದರು.

ನಮ್ಮದು ಎರಡು ಕಟ್ಟಡದ ಆಸ್ಪತ್ರೆ, ನಡುವೆ ರಸ್ತೆ. ಹಳೇ ಕಟ್ಟಡದಲ್ಲಿ ನಮ್ಮಿಬ್ಬರ ಕೋಣೆಗಳು ಮತ್ತು ಡೇಟಾಬೇಸಿನ ಮೂಲ ಯಂತ್ರ, ಹೊಸದರಲ್ಲಿ ಅದರ ಜೋಡಿ. ಇಲ್ಲಿ ಬರೆದದ್ದು ಆ ಕ್ಷಣವೇ ಅಲ್ಲಿಗೂ ನಕಲಾಗುತ್ತದೆ. ಇದು ಕೆಟ್ಟರೆ ಅದು ಯಜಮಾನಿಕೆ ವಹಿಸಿಕೊಳ್ಳುತ್ತದೆ. ಆದರೆ ಇದು ಕೆಟ್ಟಿತೋ, ಬರೀ ನಡುವಿನ ತಂತಿ ಕಡಿಯಿತೋ ಅಂತ ಅದಕ್ಕೆ ತಿಳಿಯುವುದು ಹೇಗೆ? ಅದಕ್ಕಾಗಿ ಮೇಡಂ ಮೂರನೆಯದೊಂದು ಇಡಿಸಿದ್ದರು. ಗೇಟಿನ ಕಾವಲುಗಾರನ ಕೋಣೆಯ ಕಪಾಟಿನಲ್ಲಿ, ಟಿಫಿನ್ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ. ಸಾಕ್ಷಿ ಪೆಟ್ಟಿಗೆ ಅಂತಿದ್ದರು. ತಂತಿ ಕಡಿದರೆ ಎರಡೂ ಕಡೆಯವು ಅದನ್ನು ಕೇಳಬೇಕು. ಅದು ಯಾರಿಗೆ ಹೂಂ ಅನ್ನುತ್ತದೋ ಅದೊಂದೇ ಯಜಮಾನ, ಇನ್ನೊಂದು ಬಾಯಿಮುಚ್ಚಿ ನಿಲ್ಲಬೇಕು. "ಎರಡೂ ನಾನೇ ಯಜಮಾನ ಅಂತ ಶುರು ಮಾಡಿದ್ರೆ?" ಅಂತ ನಾನೊಮ್ಮೆ ಕೇಳಿದ್ದೆ. ಅವರು ಕಿಟಕಿಯ ಸರಳು ಹಿಡಿದುಕೊಂಡರು. "ಹಂಗನ್ಬೇಡಿ. ಯಂತ್ರ ನಿಂತ್ರೆ ಎಲ್ರಿಗೂ ಗೊತ್ತಾಗತ್ತೆ. ಅದಾದ್ರೆ ಯಾರಿಗೂ ಗೊತ್ತಾಗಲ್ಲ."

ಮೂರು ತಿಂಗಳಿಗೊಮ್ಮೆ ತಾಲೀಮು. ಮೂಲ ಯಂತ್ರ ಸತ್ತಿದೆ ಅಂದುಕೊಂಡು ಜೋಡಿಯನ್ನು ನಡೆಸಿ ನೋಡಬೇಕು. ಮೂವತ್ತೊಂದು ಸಾಲಿನ ಪಟ್ಟಿ. ಒಂದೊಂದನ್ನೂ ಮಾಡಿ ಗುರುತು ಹಾಕುವುದು ಅವರು. ಕೊನೆಗೆ ಎರಡು ಸಹಿ: ಮಾಡಿದವರದ್ದು ಒಂದು, ಕಣ್ಣಾರೆ ನೋಡಿದವರದ್ದು ಒಂದು. ಆ ಎರಡನೇ ಸಹಿ ನನ್ನದು. ನಾನು ಏನನ್ನೂ ನೋಡುತ್ತಿರಲಿಲ್ಲ. ಜೋಡಿ ಮೇಡಂ ಮಾಡಿದ ಮೇಲೆ ನೋಡುವುದೇನಿದೆ? ತಾಲೀಮು ಶುರುವಾಗುವ ಮುಂಚೆಯೇ ಖಾಲಿ ಪಟ್ಟಿಯ ಕೆಳಗೆ ಸಹಿ ಗೀಚಿ ಚಹಾಕ್ಕೆ ಹೋಗುತ್ತಿದ್ದೆ. ಅವರು ಬೇಡ ಅಂದರೂ, ನಾನು ಗೊಣಗುವುದು ಕೇಳಲಾರದೆ ಸುಮ್ಮನಾಗುತ್ತಿದ್ದರು.

ಆ ಮಂಗಳವಾರದ ತಾಲೀಮಿಗೆ ಅವರು ಒಂದು ಹೊಸ ಭಯ ಸೇರಿಸಿದ್ದರು: ಮೂಲ ಯಂತ್ರವೂ ಸಾಕ್ಷಿ ಪೆಟ್ಟಿಗೆಯೂ ಒಟ್ಟಿಗೆ ಸತ್ತರೆ? ಅದನ್ನು ಪರೀಕ್ಷಿಸಲು ಪೆಟ್ಟಿಗೆಯ ಸ್ವಿಚ್ ಆಫ್ ಮಾಡಿದರು. ಯಾರನ್ನೂ ಕೇಳದೆ ನಡೆಯಿರಿ ಅಂತ ಎರಡೂ ಯಂತ್ರಗಳಿಗೆ ಹೇಳಿಟ್ಟರು. ಸುಮ್ಮಸುಮ್ಮನೆ ಕೂಗದಿರಲೆಂದು ಎಚ್ಚರಿಕೆಯ ಗಂಟೆಗಳನ್ನೂ ನಿಲ್ಲಿಸಿದರು. ಎಲ್ಲ ಚೆನ್ನಾಗಿ ಆಯಿತು. ಮೂವತ್ತೊಂದನೇ ಸಾಲು ಉಳಿದಿತ್ತು: ಪೆಟ್ಟಿಗೆಯ ಸ್ವಿಚ್ ಮತ್ತೆ ಹಾಕುವುದು, ಎಲ್ಲವನ್ನೂ ಮೊದಲಿನಂತೆ ಮಾಡುವುದು. ಅಷ್ಟರಲ್ಲಿ ಫೋನು. ಅವರ ಎಂಟು ತಿಂಗಳ ಬಸುರಿ ತಂಗಿಗೆ ರಕ್ತ ಹೋಗುತ್ತಿದೆ, ನಮ್ಮ ಹೊಸ ಕಟ್ಟಡಕ್ಕೇ ಕರೆತರುತ್ತಿದ್ದಾರೆ. ದೊಡ್ಡ ಡಾಕ್ಟರ ಕಚೇರಿಯ ಗುಮಾಸ್ತ ಪಟ್ಟಿಗಾಗಿ ಬಾಗಿಲಲ್ಲೇ ನಿಂತಿದ್ದ. ಕೆಳಗಿಳಿಯುವಾಗ ಗೇಟಿನಲ್ಲಿ ಸ್ವಿಚ್ ಹಾಕಿದರಾಯಿತು ಅಂದುಕೊಂಡು ಅವರು ಗುರುತು ಹಾಕಿ ಕೊಟ್ಟುಬಿಟ್ಟರು. ಗೇಟಿಗೆ ಬರುವಷ್ಟರಲ್ಲಿ ಆಂಬುಲೆನ್ಸೂ ಬಂತು. ಆಮೇಲೆ ಯಾವ ಪೆಟ್ಟಿಗೆ, ಯಾವ ಸಾಲು.

ತಂಗಿಗೆ ಮಲಗೇ ಇರಬೇಕು ಅಂದರು. ರಕ್ತ ನಿಂತಿತ್ತು, ಮಗು ಕ್ಷೇಮವಾಗಿತ್ತು. ಮೇಡಂ ಮೂರು ದಿನ ಎರಡು ಕಟ್ಟಡಗಳ ನಡುವೆ ಓಡಾಡಿದರು. ದಿನಕ್ಕೆ ಆರು ಸಲ ಆ ಕಾವಲುಗಾರನ ಕೋಣೆಯ ಮುಂದೆ ಹಾದುಹೋಗಿದ್ದಾರೆ.

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ರಸ್ತೆಯಲ್ಲಿ ನೀರಿನ ಪೈಪಿಗಾಗಿ ಜೆಸಿಬಿ ಅಗೆಯುತ್ತಿತ್ತು. ತಂತಿ ಕಡಿಯಿತು. ನಮಗಾರಿಗೂ ಏನೂ ತಿಳಿಯಲಿಲ್ಲ. ಸ್ಕ್ರೀನುಗಳೆಲ್ಲ ಉರಿಯುತ್ತಿದ್ದವು, ಚೀಟಿಗಳು ಮುದ್ರಣವಾಗುತ್ತಿದ್ದವು. ಎರಡೂ ಕಟ್ಟಡಗಳ ಯಂತ್ರಗಳು ತಾವೇ ಯಜಮಾನರು ಅಂದುಕೊಂಡು, ರಕ್ತ, ಔಷಧಿ, ಪರೀಕ್ಷೆಯ ಪ್ರತಿ ಹೊಸ ಚೀಟಿಗೆ ಹಾಕುವ ಒಂದೇ ನಂಬರನ್ನು ಇಬ್ಬಿಬ್ಬರಿಗೆ ಕೊಡುತ್ತಿದ್ದವು.

ಹನ್ನೊಂದರ ಸುಮಾರಿಗೆ ಹಳೇ ಕಟ್ಟಡದ ವಾರ್ಡಿನಿಂದ ಒಂದು ರಕ್ತದ ಮಾದರಿ ಬಂತು. ನಂಬರು 4417. ಕಾಲು ಮುರಿದ ಗಂಡಸು, ವಯಸ್ಸು ಐವತ್ತೆರಡು. ಗುಂಪು ಬಿ. ಹೊಂದುವ ಎರಡು ಚೀಲ ತೆಗೆದು 4417 ಅಂತ ಚೀಟಿ ಅಂಟಿಸಿಟ್ಟೆ. ಸ್ವಲ್ಪ ಹೊತ್ತಿಗೆ ಹೊಸ ಕಟ್ಟಡದಿಂದ ಆಯಾ ಓಡಿಬಂದಳು. ಕೈಯಲ್ಲಿ ಒಂದು ಮಾದರಿ, ಒಂದು ಚೀಟಿ: 4417, ಆಪರೇಷನ್ ಕೋಣೆ, ತುರ್ತು, ರಕ್ತ ಬೇಕು. ಮಾದರಿಯ ಮೇಲೆ ಬರೀ ನಂಬರು ಮತ್ತು ಗೆರೆಗಳು. ನನ್ನ ಕಂಪ್ಯೂಟರಿಗೆ ತೋರಿಸಿದೆ; ಅದು ಕೇಳುವುದು ಹಳೇ ಕಟ್ಟಡದ ಯಂತ್ರವನ್ನು, ಅದೇ ಕಾಲು ಮುರಿದ ಗಂಡಸಿನ ಹೆಸರು ಬಂತು. ಆಪರೇಷನ್ನಿಗೆ ಆ ಕಡೆ ಸಾಗಿಸಿರಬೇಕು, ಮಾದರಿ ಸುಮ್ಮನೆ ಇನ್ನೊಮ್ಮೆ ತೆಗೆದಿದ್ದಾರೆ ಅಂದುಕೊಂಡೆ. ಚೀಲ ಕೊಟ್ಟೆ. ಅವಳು ಓಡಿದಳು.

ಆ ಎರಡನೇ ಮಾದರಿಯನ್ನು ನಾನು ಯಾಕೆ ಪರೀಕ್ಷಿಸಿದೆನೋ ಗೊತ್ತಿಲ್ಲ. ಕೈ ಖಾಲಿಯಿತ್ತು, ಅಷ್ಟೇ. ಬಿಳಿ ಬಿಲ್ಲೆಯ ಮೇಲೆ ಹನಿ ಬಿಟ್ಟು ಕಡ್ಡಿಯಿಂದ ಕಲಕಿದೆ. ಬಿ ಗುಂಪಿನದಾದರೆ ಗಂಟುಕಟ್ಟಬೇಕಿತ್ತು. ಕಟ್ಟಲಿಲ್ಲ. ಇನ್ನೊಮ್ಮೆ ಮಾಡಿದೆ. ಗುಂಪು ಓ. ಒಬ್ಬ ಮನುಷ್ಯನಿಗೆ ಎರಡು ರಕ್ತ ಇರುವುದಿಲ್ಲ. ಓ ಗುಂಪಿನವರಿಗೆ ಬಿ ರಕ್ತ ಏರಿಸಿದರೆ ಏನಾಗುತ್ತದೆಂದು ನನಗೆ ಯಾರೂ ಹೇಳಬೇಕಿರಲಿಲ್ಲ.

ಹೊಸ ಕಟ್ಟಡಕ್ಕೆ ಒಳಫೋನು ಹಚ್ಚಿದೆ. ಸತ್ತಿತ್ತು, ಅದೂ ಅದೇ ತಂತಿಯಲ್ಲಿ ಹೋಗುತ್ತಿತ್ತು. ಮೊಬೈಲಿನಲ್ಲಿ ಮೇಲ್ಮಹಡಿಗೆ, ಮೇಡಂಗೆ ಮಾಡಿದೆ. "ನಾಲ್ಕು ನಾಲ್ಕು ಒಂದು ಏಳು ಯಾರು ಮೇಡಂ? ಒಂದೇ ನಂಬರಲ್ಲಿ ಎರಡು ರಕ್ತ ಬಂದಿದೆ." ಅವರು ಇನ್ನೊಂದು ಫೋನಿನ ಇಂಟರ್ನೆಟ್ ಹಿಡಿದು ಹೊಸ ಕಟ್ಟಡದ ಯಂತ್ರದೊಳಗೆ ಹೋಗಿ ನೋಡಿದರು. ಅರ್ಧ ನಿಮಿಷವಾಗಿರಬಹುದು.

"ಅಲ್ಲಿ ಅದು ನನ್ನ ತಂಗಿ," ಅಂದರು.

ನಾನು ಓ ಗುಂಪಿನ ಚೀಲ ಎತ್ತಿಕೊಂಡು ಹೊರಬೀಳುವಷ್ಟರಲ್ಲಿ ಅವರು ಮೆಟ್ಟಿಲಿಳಿದು ನನ್ನ ಕಿಟಕಿಯ ಬಳಿ ನಿಂತಿದ್ದರು, ಫೋನು ಕಿವಿಯಲ್ಲಿ. ಆ ಕಡೆ ತಂಗಿಯ ಗಂಡ, ನರ್ಸು ಗದರಿಸಿದರೆ ನೀರು ಕುಡಿಯುವ ಸಾಧು ಪ್ರಾಣಿ. ಅವನ ದನಿ ನನಗೂ ಕೇಳುತ್ತಿತ್ತು.

"ಮತ್ತೆ ರಕ್ತ ಹೋಗಿ ಆಪರೇಷನ್ನಿಗೆ ಕರ್ಕೊಂಡೋದ್ರು ಅಕ್ಕ, ಬಾಗಿಲ ಹೊರಗೇ ಇದೀನಿ. ಈಗಷ್ಟೇ ಬ್ಲಡ್ ಒಳಗೆ ಹೋಯ್ತು."

"ತಳ್ಳಿಕೊಂಡು ಒಳಗೆ ಹೋಗಿ. ಆ ಬ್ಲಡ್ ಕೊಡಬೇಡಿ ಅಂತ ಹೇಳಿ."

"ಒಳಗೆ ಹೋಗಂಗಿಲ್ಲ ಅಂತ ಬೋರ್ಡಿದೆಯಲ್ಲ ಅಕ್ಕ."

"ಆ ಬೋರ್ಡು ನಾನೂ ಓದಿದೀನಿ. ತಳ್ಳಿ."

ಬಾಗಿಲು ಬಡಿದ ಸದ್ದು, ಯಾರೋ ಬೈದ ಸದ್ದು, ಫೋನು ನೆಲಕ್ಕೆ ಬಿದ್ದ ಸದ್ದು. ಮತ್ತೆ ಏನೂ ಇಲ್ಲ. "ಬನ್ನಿ ಮೇಡಂ, ಓಡೋಣ," ಅಂದೆ. ಅವರು ತಲೆಯಾಡಿಸಿದರು. "ಇನ್ನೂ ಹದಿನಾಲ್ಕು ನಂಬರು ಹಿಂಗೇ ಆಗಿವೆ ಅಣ್ಣಾ. ನಾನು ಬಂದ್ರೆ ಅವ್ರನ್ನ ನಿಲ್ಲಿಸೋರ್ಯಾರು? ನೀವು ಹೋಗಿ." ತಿರುಗಿ ಮೆಟ್ಟಿಲು ಹತ್ತಿದರು.

ನಾನು ಓಡಿದೆ. ನಲವತ್ತೊಂಬತ್ತನೇ ವಯಸ್ಸಿನಲ್ಲಿ, ಎದೆಗೆ ಚೀಲ ಅವಚಿಕೊಂಡು, ಅಗೆದ ಮಣ್ಣು ಹಾರಿ, ಹಲ್ಲಿಯ ಬಾಲದಂತೆ ತುಂಡಾಗಿ ಬಿದ್ದಿದ್ದ ಆ ಕಪ್ಪು ತಂತಿ ದಾಟಿ. ತಲುಪಿದಾಗ ತಂಗಿಯ ಗಂಡ ಆಪರೇಷನ್ ಕೋಣೆಯ ನೆಲದ ಮೇಲೆ ಕೂತಿದ್ದ, ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಚೀಲ ತೂಗುಹಾಕಿತ್ತು. ಸೂಜಿ ತಂಗಿಯ ತೋಳಿಗೆ ಚುಚ್ಚಿತ್ತು. ನಳಿಕೆಯಲ್ಲಿ ರಕ್ತ ಅರ್ಧಕ್ಕೆ ಇಳಿದು ನಿಂತಿತ್ತು. ನಳಿಕೆ ಮುಚ್ಚಿದ ತಿರುಪಿನ ಮೇಲೆ ನರ್ಸಿನ ಎರಡು ಬೆರಳು ಹಾಗೇ ಇದ್ದವು. ಸ್ಕ್ರೀನಿನಲ್ಲಿ ಹಸಿರು ಅಕ್ಷರ ಹೊಳೆಯುತ್ತಿತ್ತು: ನಂಬರು ಹೊಂದಿದೆ.

ಸರಿಯಾದ ರಕ್ತ ಕೊಟ್ಟರು. ಹೆಣ್ಣುಮಗು ಹುಟ್ಟಿತು. ಅದರ ಅಳು ಕೇಳಿ ನಾನೂ ಅತ್ತೆ, ಯಾರೋ ಕುರ್ಚಿ ಕೊಟ್ಟರು, ನೀರು ಕೊಟ್ಟರು. ಮೇಡಂಗೆ ಒಂದು ಫೋನು ಮಾಡಬೇಕೆಂದು ನನಗೆ ಹೊಳೆದದ್ದು ಇಪ್ಪತ್ತು ನಿಮಿಷದ ಮೇಲೆ. ಆ ಇಪ್ಪತ್ತು ನಿಮಿಷ ಅವರು ಎರಡೂ ಫೋನು ಮೇಜಿನ ಮೇಲಿಟ್ಟುಕೊಂಡು, ಇಡೀ ಆಸ್ಪತ್ರೆಯ ಯಂತ್ರಗಳನ್ನು ನಿಲ್ಲಿಸಿ, ಹದಿನಾಲ್ಕು ನಂಬರಿನ ಇಪ್ಪತ್ತೆಂಟು ಜನರನ್ನು ಒಬ್ಬೊಬ್ಬರಾಗಿ ಹುಡುಕಿಸುತ್ತಿದ್ದರು. ತಂಗಿ ಬದುಕಿದ್ದಾಳೋ ಇಲ್ಲವೋ ಗೊತ್ತಿಲ್ಲದೆ. ಇದನ್ನು ನೆನೆದರೆ ನನಗೆ ಇವತ್ತಿಗೂ ನನ್ನ ಮೇಲೆ ಅಸಹ್ಯವಾಗುತ್ತದೆ.

ವಿಚಾರಣೆ ಸೋಮವಾರ. ದೊಡ್ಡ ಡಾಕ್ಟರ ಮೇಜಿನ ಮೇಲೆ ಆ ಪಟ್ಟಿ. "ಮೂವತ್ತೊಂದಕ್ಕೆ ಗುರುತು ಹಾಕಿದ್ಯಾರು?" "ನಾನು ಸರ್. ಮಾಡದೇ ಹಾಕ್ದೆ." "ಎರಡನೇ ಸಹಿ?" ಮೇಡಂ ನನ್ನ ಕಡೆ ನೋಡಲೇ ಇಲ್ಲ. "ಅದು ಮುಂಚೆನೇ ನಾನೇ ಹಾಕಿಸ್ಕೊಂಡಿದ್ದು ಸರ್. ಅವ್ರ ತಪ್ಪಲ್ಲ." ನಾನು ಬಾಯಿ ಬಿಡಲಿಲ್ಲ. ಕೆಲಸದ ಭಯ, ಮನೆಯ ಭಯ, ಬರೀ ಭಯ. ಅವರನ್ನು ಹಳೇ ಕಡತಗಳ ಉಗ್ರಾಣಕ್ಕೆ ಹಾಕಿದರು. ಎರಡನೇ ಮಾದರಿ ಪರೀಕ್ಷಿಸಿದ ನನಗೆ ಪ್ರಶಂಸಾಪತ್ರ ಬಂತು. ಅದನ್ನು ಮನೆಯಲ್ಲಿ ಗೋಡೆಗೆ ತೂಗುಹಾಕಿದೆ ಕೂಡ.

ಎರಡು ತಿಂಗಳಾದ ಮೇಲೆ ತಂಗಿ ಮಗುವನ್ನೆತ್ತಿಕೊಂಡು ನನ್ನ ಕಿಟಕಿಗೆ ಬಂದಳು. "ನಿಮ್ಮಿಂದ ಉಳ್ಕೊಂಡೆ ಅಣ್ಣಾ. ಎತ್ಕೊಳ್ಳಿ," ಅಂದಳು. ಮಗು ನನ್ನ ತೋಳಿನಲ್ಲಿ ಆಕಳಿಸಿತು. "ಅಕ್ಕ ಮಾತ್ರ ಇನ್ನೂ ಎತ್ಕೊಂಡಿಲ್ಲ. ಕೈ ನಡುಗತ್ತೆ, ನಂಬ್ಕೋಬೇಡ ಅಂತಾಳೆ. ದೂರದಿಂದ ನೋಡಿ ಹೋಗ್ತಾಳೆ."

ಮಗುವನ್ನು ಅವಳ ಕೈಗೆ ಕೊಟ್ಟು, ಕಿಟಕಿ ಮುಚ್ಚಿ, ನೇರ ದೊಡ್ಡ ಡಾಕ್ಟರ ಕೋಣೆಗೆ ಹೋದೆ. ನಾಲ್ಕು ವರ್ಷದ ತಾಲೀಮುಗಳಲ್ಲಿ ಒಂದನ್ನೂ ನೋಡದೆ ಸಹಿ ಹಾಕಿದ್ದೇನೆಂದು ಹೇಳಿದೆ, ಬರೆದೂ ಕೊಟ್ಟೆ. ಅವರೇನು ಮಾಡುತ್ತಾರೋ ನನಗೆ ಇನ್ನೂ ಗೊತ್ತಿಲ್ಲ.

ಅಲ್ಲಿಂದ ಉಗ್ರಾಣಕ್ಕಿಳಿದೆ. ಮೇಡಂ ಧೂಳಿನ ಕಡತಗಳ ನಡುವೆ ಕೂತು ಒಂದೊಂದನ್ನೂ ತೆರೆದು, ಒಳಗೆ ಹಾಳೆ ಇದೆಯೇ ನೋಡಿ ಇಡುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಹೊಗಳಲಿಲ್ಲ, ಬೈಯಲಿಲ್ಲ. ಒಂದೇ ಒಂದು ಕೇಳಿದರು.

"ಗೇಟಿನ ಪೆಟ್ಟಿಗೆ ಆನ್ ಇದೆಯಾ ಅಣ್ಣಾ? ಇವತ್ತು ನೋಡಿದ್ರಾ?"

ಇವತ್ತು ನೋಡಿರಲಿಲ್ಲ. ಬಾಗಿಲು ದಾಟಿ ಗೇಟಿನ ಕಡೆ ನಡೆದೆ.