ಕೆಂಪು ಚೌಕ ಮತ್ತು ನಮ್ಮ ಡಾಕ್ಟರು

ನಮ್ಮ ಡಾಕ್ಟರು ಬಲಗೈಯ ತೋರುಬೆರಳೊಂದರಲ್ಲೇ ಟೈಪ್ ಮಾಡುತ್ತಿದ್ದರು. ಕೆರೆಯಂಚಿನ ಕೊಕ್ಕರೆಯಂತೆ ಆ ಬೆರಳು ಗಾಳಿಯಲ್ಲಿ ನಿಶ್ಚಲವಾಗಿ ನಿಂತು, ಅಕ್ಷರ ಕಂಡೊಡನೆ ಗಬಕ್ಕನೆ ಎರಗುತ್ತಿತ್ತು. ಪೆನ್ನಿನ ಕಾಲದಲ್ಲಿ ಅವರ ಬರಹ ಎಷ್ಟು ದುಂಡಗಿತ್ತೆಂದರೆ, ಇವರು ನಿಜಕ್ಕೂ ಡಾಕ್ಟರೇ ಎಂದು ಯಲಹಂಕದ ಕೆಲವು ಹಿರಿಯರು ಶಂಕಿಸಿದ್ದುಂಟು.

ಏರ್‌ಪೋರ್ಟ್ ರಸ್ತೆಯಾದ ಕೆಲವು ವರ್ಷಕ್ಕೆ ಕ್ಲಿನಿಕ್ಕಿಗೂ ಕಂಪ್ಯೂಟರ್ ಬಂತು. ಮಹಡಿಯಲ್ಲಿ ಅವರು ಗುಂಡಿ ಒತ್ತಿದರೆ ಕೆಳಗಿನ ಮೆಡಿಕಲ್ ಸ್ಟೋರಿನ ಪರದೆಯಲ್ಲಿ ಔಷಧಿಯ ಹೆಸರು ಪ್ರತ್ಯಕ್ಷ. ಆದರೆ ಯಂತ್ರಕ್ಕೆ ಎಚ್ಚರಿಸುವ ಚಟ. ಯಾವ ಮಾತ್ರೆ ಬರೆದರೂ ಕೆಂಪು ಚೌಕವೊಂದು ಎದ್ದುಬಂದು, ‘ಓಕೆ’ ಒತ್ತುವ ತನಕ ದಾರಿ ಬಿಡುತ್ತಿರಲಿಲ್ಲ.

“ನಮ್ಮತ್ತೆ ಥರ ಕಣ್ರೀ ಇದು, ಎಲ್ಲದಕ್ಕೂ ಬೇಡ ಅನ್ನುತ್ತೆ,” ಎನ್ನುತ್ತಾ ಒತ್ತಿಬಿಡುತ್ತಿದ್ದರು.

ಒಂದು ಸಂಜೆ ನನ್ನ ಹೆಂಡತಿಯ ಗಂಟಲು ನೋವಿಗೂ ಹಾಗೆಯೇ ಒತ್ತಿದರು. ಅವಳಿಗೆ ಪೆನಿಸಿಲಿನ್ ಆಗಿಬರುವುದಿಲ್ಲ. ಹಿಂದೊಮ್ಮೆ ಮುಖ ಊದಿ ಉಸಿರು ಕಟ್ಟಿದಾಗ ಉಳಿಸಿದವರೂ ಇವರೇ. ಕೆಳಗಿನ ಅಂಗಡಿಯಲ್ಲಿ ಮಾತ್ರೆ ಕೊಂಡು, ಮೊದಲನೆಯದನ್ನು ಅಲ್ಲೇ ನುಂಗಲು ಅವಳು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ಮೆಟ್ಟಿಲ ಮೇಲೆ ದಡದಡ ಸದ್ದು. ಅರವತ್ತು ದಾಟಿದ ಡಾಕ್ಟರು ಚಪ್ಪಲಿಯಿಲ್ಲದೆ ಓಡಿಬರುತ್ತಿದ್ದರು.

“ನುಂಗ್ಬೇಡಮ್ಮಾ! ಅದು ಪೆನಿಸಿಲಿನ್ ಜಾತೀದು!”

ಮಾತ್ರೆ ಕಿತ್ತುಕೊಂಡು ತಮ್ಮ ಜೇಬಿಗೆ ಹಾಕಿಕೊಂಡರು. ಮುಂದಿನ ರೋಗಿಯ ನಾಲಿಗೆ ನೋಡುತ್ತಿದ್ದಾಗ, ಓದದೆ ಒತ್ತಿದ ಚೌಕ ನೆನಪಾಗಿ, ತೆರೆದು ನೋಡಿದರಂತೆ.

ಅಂಗಡಿಯವನು ಸಮಾಧಾನ ಹೇಳಿದ: “ಬಿಡಿ ಸಾರ್, ಕಂಪ್ಯೂಟರ್ ಮಿಸ್ಟೇಕು.”

“ಅದು ಬೇಡ ಬೇಡ ಅಂತ ಬಡ್ಕೊಳ್ತು ಕಣಯ್ಯಾ. ಕೇಳದೆ ಒತ್ತಿದ್ದು ನಾನು. ಎಂಬಿಬಿಎಸ್ ಓದಿರೋದು ಅದಾ, ನಾನಾ?” ಎಂದವರೇ, ಅಂಗಡಿ ತುಂಬ ಜನರಿರುವಾಗಲೇ ನನ್ನ ಹೆಂಡತಿಗೆ ಕೈಮುಗಿದರು. “ತಪ್ಪಾಯ್ತು ತಾಯಿ.”

ಮರುದಿನದಿಂದ ಕ್ಲಿನಿಕ್ಕಿನಲ್ಲಿ ಹೊಸ ಶಾಸನ ಜಾರಿಗೆ ಬಂತು. ಪರದೆಯನ್ನು ರೋಗಿಯ ಕಡೆ ತಿರುಗಿಸುವುದು, ಪ್ರತಿ ಕೆಂಪು ಚೌಕವನ್ನೂ ಗಟ್ಟಿಯಾಗಿ ಓದುವುದು, ಕನ್ನಡದಲ್ಲಿ ಅರ್ಥ ಹೇಳುವುದು, ಆಮೇಲಷ್ಟೇ ಒತ್ತುವುದು. ಕ್ಯೂ ಬಾಗಿಲು ದಾಟಿ ಮೆಟ್ಟಿಲಿಗಿಳಿಯಿತು.

“ಬೇಗ ಆಗ್ಲಿ ಸಾರ್, ಬಾಗಲೂರ್ ಬಸ್ ಹೊಂಟೋಯ್ತದೆ,” ಎಂದು ಒಬ್ಬರು ಗೊಣಗಿದರು.

“ಬಸ್ ಇನ್ನೊಂದು ಬರುತ್ತೆ ಯಜಮಾನ್ರೇ. ನೀವಿರೋದು ಒಬ್ಬರೇ. ಕೂತ್ಕೊಳ್ಳಿ.”

ಅವರು ತೀರಿಕೊಂಡು ವರ್ಷಗಳಾದವು. ನನ್ನ ಹೆಂಡತಿ ಮಾತ್ರ ಈಗಲೂ ಬೆಳಗಾದರೆ ನನ್ನನ್ನು ಸಾಂಗವಾಗಿ ಬೈಯುತ್ತಾಳೆ. ಬೈಸಿಕೊಳ್ಳುವ ಈ ಭಾಗ್ಯ ನನಗೆ ಉಳಿದದ್ದು ಯಾರಿಂದ ಎಂದು ನೆನೆದು, ಎದುರಾಡದೆ ಕಾಫಿ ಕುಡಿಯುತ್ತೇನೆ.