ಅಕ್ಕನ ಮೈ, ಊರವರ ಬಾಯಿ

ಅಕ್ಕನದು ಚಿಕ್ಕಂದಿನಿಂದಲೂ ದಪ್ಪ ಮೈ. ವಾಡಿಯಲ್ಲಿ ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ನಾನು ಶಹಾಬಾದಿನ ಶಾಲೆಯೊಂದರಲ್ಲಿ ಟೀಚರು. ಕಳೆದ ಚಳಿಗಾಲದಲ್ಲಿ ಅವಳಿಗೆ ಜ್ವರ, ಕೆಮ್ಮು ಶುರುವಾಗಿ, ನಾಲ್ಕು ಹೆಜ್ಜೆ ಇಟ್ಟರೂ ಏದುಸಿರು ಬರತೊಡಗಿದಾಗ ನಾನೇ ಹೋಗಿ ಹತ್ತಿರದ ಡಾಕ್ಟರರ ಬಳಿ ಕರೆದೊಯ್ದೆ. ಅವರು ಎದೆಗೆ ಸ್ಟೆತಸ್ಕೋಪ್ ಕೂಡ ಇಡಲಿಲ್ಲ. ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಮೊದಲ ಮೈ ಇಳಸ್ರಿ. ದಮ್ಮು ತಾನೇ ಹೋಗ್ತದ."

ಹೊರಗೆ ಕುಳಿತವರು ನಕ್ಕರು. ಅಕ್ಕ ಸೆರಗು ಹೊದ್ದು ಎದ್ದಳು. 

ಎರಡು ದಿನದಲ್ಲಿ ಅವಳ ತುಟಿ ನೀಲಿಗಟ್ಟಿತು. ಭಾವ ಜೀಪು ತಂದರು, ಕಲಬುರಗಿಗೆ ಒಯ್ದೆವು. ನ್ಯುಮೋನಿಯಾ, ಎರಡೂ ಕಡೆ. ಆಕ್ಸಿಜನ್ ಹಚ್ಚಿ ಬೋರಲು ಮಲಗಿಸಬೇಕೆಂದರು. ವಾರ್ಡಿನ ಆಳು ಕೈಕಟ್ಟಿ ನಿಂತು, "ಇಷ್ಟ್ ದಪ್ಪ ಹೆಣಮಗಳಿಗಿ ಯಾರ್ ಹೊಳ್ಳಸಬೇಕ್ರಿ?" ಎಂದ, ಅವಳಿಗೆ ಕೇಳುವ ಹಾಗೆಯೇ. ನಾನೂ ಭಾವನೂ ಸೇರಿ ಹೊರಳಿಸಿದೆವು. ದಿಂಬು ಕಫದಿಂದ ತೊಯ್ದು ನಾರುತ್ತಿತ್ತು. ಅದು ನನಗೆ ಹೇಸಿಗೆ ಅನಿಸಲಿಲ್ಲ.

ಹೇಸಿಗೆ ಅನಿಸಿದ್ದು ಆಸ್ಪತ್ರೆಯ ಪಡಸಾಲೆಯಲ್ಲಿ. ಸೇಡಂನಿಂದ ಭಾವನ ಸೋದರತ್ತೆ ನೋಡಲು ಬಂದಿದ್ದರು. ರೊಟ್ಟಿ ಬುತ್ತಿ ಬಿಚ್ಚಿ, ಶೇಂಗಾ ಹಿಂಡಿ ಹಚ್ಚಿಕೊಂಡು ಉಣ್ಣುತ್ತಲೇ ಅಂದರು: "ಬಾಯಿ ಕಟ್ಟಿದ್ರ ಇದೆಲ್ಲಾ ಯಾಕ್ ಬರ್ತಿತ್ತು? ತಿಂದ್ಲು, ಅನುಭೋಗಸ್ಲಿಕತ್ತಾಳ."

ಅದೇ ಹೊತ್ತಿಗೆ ರೌಂಡ್ಸ್ ಮುಗಿಸಿ ಬಂದ ಡಾಕ್ಟರಮ್ಮ ನಿಂತರು. ವಯಸ್ಸು ಚಿಕ್ಕದು, ಕಣ್ಣಲ್ಲಿ ನಿದ್ದೆಯಿಲ್ಲ.

"ಅಮ್ಮಾರ, ಹಂಗ ಅನಬ್ಯಾಡ್ರಿ," ಎಂದು ನನ್ನ ಕಡೆ ತಿರುಗಿದರು. "ಕೊಬ್ಬು ಅಂದ್ರ ಚೀಲದಾಗ ತುಂಬಿಟ್ಟ ಜೋಳ ಅಲ್ಲರಿ. ಅದು ಹಾರ್ಮೋನ್ ತಯಾರ್ ಮಾಡ್ತದ. ಲೆಪ್ಟಿನ್ ಅಂತ ಒಂದದ. ಹೊಟ್ಟಿ ತುಂಬ್ತು ಅಂತ ಮೆದುಳಿಗಿ ಹೇಳೋದು ಅದೇ. ಕೊಬ್ಬು ಹೆಚ್ಚಾದ್ರ ಅದೂ ಹೆಚ್ಚಾಗ್ತದ, ಆದ್ರ ಮೆದುಳು ಅದರ ಮಾತು ಕೇಳಂಗಿಲ್ಲ. ರೋಗದ ಜೋಡಿ ಬಡಿದಾಡೋ ರಕ್ತಕಣಗಳ ಮ್ಯಾಲೂ ಅದರ ಹಿಡಿತ ಅದ. ಅಲ್ಲಿ ಹದ ತಪ್ಪಿದ್ರ ಪುಪ್ಪುಸದಾಗ ಬಾವು ಜೋರಾಗಬಹುದು. ಇನ್ನೂ ಪಕ್ಕಾ ಗೊತ್ತಿಲ್ಲ, ವಿಜ್ಞಾನಿಗಳು ಹುಡುಕಾಕತ್ತಾರ."

"ಅಂದ್ರ ಆಕಿ ತಪ್ಪಲ್ಲ?" ಎಂದು ಭಾವ ಕೇಳಿದರು.

"ಜಡ್ಡು ಬಂದೋರಿಗಿ ತಪ್ಪು ಯಾಕ ಹುಡುಕ್ತೀರಿ ಅಣ್ಣಾರ?"

ಸೋದರತ್ತೆ ಇನ್ನೊಂದು ರೊಟ್ಟಿ ಮುರಿದರು.

ಅಕ್ಕ ಉಳಿದಳು. ಆದರೆ ಕರಗಿ ಹೋದಳು. ಕೆನ್ನೆ ಜೋತುಬಿದ್ದು, ಬಳೆಗಳು ಮುಂಗೈಯಿಂದ ಜಾರುತ್ತಿದ್ದವು. ಕೂದಲು ಬಾಚಣಿಕೆಗೆ ಗೊಂಚಲಾಗಿ ಬರುತ್ತಿತ್ತು. ಹೊಲಿಗೆ ಯಂತ್ರ ತುಳಿಯಲೂ ಉಸಿರು ಸಾಲದು. ಬೇಸಿಗೆಯಲ್ಲಿ ಚಿಂಚೋಳಿಯಲ್ಲಿ ಭಾವನ ಕಡೆಯವರ ತೊಟ್ಟಿಲ ಕಾರ್ಯ ಇತ್ತು. ಅವಳು ಒಳಗೆ ಕಾಲಿಟ್ಟಳೋ ಇಲ್ಲವೋ, ಹೆಂಗಸರು ಸುತ್ತುವರಿದರು. ಒಬ್ಬಳಂತೂ ಅವಳ ಸೊಂಟ ಚಿವುಟಿಯೇ ನೋಡಿದಳು.

"ಎಷ್ಟ್ ಛಂದ ಆಗೀಯವ್ವಾ! ಏನ್ ಮಾಡ್ದಿ?"

ಸೋದರತ್ತೆ ಊಟದ ಸಾಲಿನಿಂದಲೇ ನಕ್ಕರು. "ಆ ಜಡ್ಡು ಭಾಳ ಛಲೋ ಮಾಡ್ತು ಬಿಡು ನಿನಗ."

ಅಕ್ಕನ ಎಲೆಗೆ ಆಗಷ್ಟೇ ಹೋಳಿಗೆ ಬಿದ್ದಿತ್ತು. ಅವಳು ಸೋದರತ್ತೆಯತ್ತ ನೋಡಿ, ಒಂದೊಂದೇ ಮಾತಿಗೆ ಉಸಿರು ತೆಗೆದುಕೊಳ್ಳುತ್ತ ಅಂದಳು: "ಅತ್ತೀ, ನಾ ಸಾಯಾಕ್ಹತ್ತಿದ್ದೆ. ನಿಮಗ ಅದು ಛಂದ ಕಂಡದ."

ಅವಳು ಕೈ ತೊಳೆದು ಬಂದು, "ನಡೀ ತಂಗಿ," ಎಂದಳು. ಭಾವನೂ ಅರ್ಧ ಊಟ ಬಿಟ್ಟು ಎದ್ದರು.

ಬಸ್ಸು ಕಾಳಗಿಯಲ್ಲಿ ನಿಂತಾಗ ಅಕ್ಕ ಮಿರ್ಚಿ ಭಜಿ ಬೇಕೆಂದಳು. ಭಾವ ಇಳಿದು ತಂದರು. ಖಾರಕ್ಕೆ ಕೆಮ್ಮು ಬಂದು ಕಣ್ಣು ತುಂಬಿದರೂ ಬಿಡದೆ ತಿಂದಳು. ಆ ಹೆಂಗಸರ ಕೈ ನನ್ನ ಮೈಮೇಲೇ ಆಡಿದಂತೆ ನನಗಿನ್ನೂ ಅಸಹ್ಯವಾಗುತ್ತಿತ್ತು. ಅಕ್ಕ ಮಾತ್ರ ನನ್ನ ಹೆಗಲಿಗೆ ತಲೆಯಿಟ್ಟು, ಚಿತ್ತಾಪುರ ಬರುವ ತನಕ ಮಲಗಿಬಿಟ್ಟಳು.